ಕಿವಿಗಳ ಕಣಜ

ಲಾಳಿಕೊಪ್ಪದಲ್ಲಿ ಕಿವಿ ಹೋಗುವುದು ದೊಡ್ಡ ಸುದ್ದಿಯೇನಲ್ಲ. ಓಣಿಗೊಂದು ಶೆಡ್ಡು, ಶೆಡ್ಡಿನ ತುಂಬ ವಿದ್ಯುತ್ ಮಗ್ಗ. ಕೋಳಿ ಕೂಗುವ ಮುಂಚೆ ಶುರುವಾದ ಖಟಖಟ ಊರು ಮಲಗಿದ ಮೇಲೂ ನಿಲ್ಲುವುದಿಲ್ಲ. ಆ ಗದ್ದಲದಲ್ಲಿ ಹದಿನೈದಿಪ್ಪತ್ತು ವರ್ಷ ದುಡಿದವರಿಗೆ ಮೊದಲು ಹೆಂಡತಿಯ ಮಾತು ಕೇಳುವುದಿಲ್ಲ. ಅದನ್ನು ಕೆಲವರು ಭಾಗ್ಯವೆಂದೇ ತಿಳಿದು ಸುಮ್ಮನಿರುತ್ತಾರೆ. ಆಮೇಲೆ ಮಕ್ಕಳ ಮಾತು ಹೋಗುತ್ತದೆ, ಕಡೆಗೆ ಮಗ್ಗದ ಸಪ್ಪಳವೂ ಹೋಗುತ್ತದೆ. ಹಿಂದಿನವರು ಇದನ್ನು ಹಣೆಬರಹವೆಂದು ಒಪ್ಪಿಕೊಂಡು, ತುಟಿ ನೋಡಿ ಮಾತು ತಿಳಿಯುತ್ತ, ಕೈಸನ್ನೆಯಲ್ಲೇ ಸಂಸಾರ ಮಾಡಿ ಮುಗಿಸಿದರು.

ಆಮೇಲೆ ಬಂತು ಕಿವಿಬಿಲ್ಲೆ. ಎಂಟಾಣೆಯಷ್ಟಗಲದ ಇದನ್ನು ಕಿವಿಯ ಹಿಂದೆ ಚರ್ಮದೊಳಗೆ ಕೂರಿಸುತ್ತಾರೆ. ಕೂರಿಸಿದ ದಿನ ಏನೂ ತಿಳಿಯುವುದಿಲ್ಲ, ಹರಕು ತಗಡನ್ನು ಬೀದಿಯಲ್ಲಿ ಎಳೆದ ಹಾಗೆ ಎಲ್ಲವೂ ಬರೀ ಕರಕರ. ಬಿಲ್ಲೆಯೂ ನರವೂ ಒಂದಕ್ಕೊಂದು ಕಲಿಸಿಕೊಳ್ಳುತ್ತ ಒಂದೊಂದೇ ದನಿಯನ್ನು ಗುರುತು ಹಿಡಿಯಬೇಕು. ಹೀಗೆ ಕಲಿತದ್ದೆಲ್ಲ ಸೇರಿ ಆ ಮನುಷ್ಯನದೇ ಆದ ಒಂದು ಕಿವಿನಕ್ಷೆಯಾಗುತ್ತದೆ. ಅದಕ್ಕೆ ಒಂದು ವರ್ಷವಾದರೂ ಬೇಕು. ನರದ ಸ್ವಭಾವ ವಿಚಿತ್ರ, ಒಮ್ಮೆ ಮನಸ್ಸಿಟ್ಟು ಕಲಿಯುತ್ತದೆ, ನಕ್ಷೆ ಕಳೆದುಹೋಗಿ ಎರಡನೆಯ ಸಲ ಕಲಿಸಹೋದರೆ ಮೊಂಡು ಬೀಳುತ್ತದೆ. ಅದಕ್ಕೇ ಊರವರ ನಕ್ಷೆಗಳನ್ನೆಲ್ಲ ಶ್ರವಣ ಕೇಂದ್ರದ ಒಂದು ದೊಡ್ಡ ಸಂಗ್ರಹ ಯಂತ್ರದಲ್ಲಿ ಕಾಪಾಡಿ ಇಡುತ್ತಿದ್ದರು. ಆ ಯಂತ್ರಕ್ಕೆ ಊರು ಇಟ್ಟ ಹೆಸರು ಕಣಜ.

ಆ ಕಣಜ ಮಳೆಗಾಲದ ಒಂದು ಸಿಡಿಲಿಗೆ ಸುಟ್ಟು ಕರಕಲಾಯಿತು. ಅದರ ಪಕ್ಕದಲ್ಲೇ ಇಟ್ಟಿದ್ದ ನಕಲೂ ಅದರ ಜೊತೆಗೇ ಹೋಯಿತು. ಇನ್ನು ನಕ್ಷೆಗಳು ಉಳಿದದ್ದು ಜನರ ಕಿವಿಯಲ್ಲಿ ಮಾತ್ರ.

ಹೊಸ ಕಣಜವನ್ನು ಸಜ್ಜು ಮಾಡುವ ಕೆಲಸ ಮಹಾನಂದಾಳ ಪಾಲಿಗೆ ಬಂತು. ಕೇಂದ್ರದ ಕಂಪ್ಯೂಟರ್‌ಗಳನ್ನೆಲ್ಲ ನೋಡಿಕೊಳ್ಳುವವಳು ಅವಳೊಬ್ಬಳೇ. ಭಾನುವಾರ ಬೆಳಿಗ್ಗೆ ಚೀಲ ಹೆಗಲಿಗೇರಿಸುತ್ತಿದ್ದಾಗ ಗಂಡ ಗುರುಸಿದ್ದ ಚಹದ ಬಟ್ಟಲು ಹಿಡಿದು ಬಾಗಿಲಿಗೆ ಅಡ್ಡ ನಿಂತ.

"ಐತವಾರನೂ ನಿನ್ನ ಮಶೀನಿಗೆ ಪೂಜಿ ಏನು?"

"ಪೂಜಿ ಅಲ್ರೀ, ಪ್ರಾಣಪ್ರತಿಷ್ಠೆ. ನಾಳಿ ಮುಂಜಾನೆ ಊರ ಕಿವಿ ಎಲ್ಲಾ ಅದರಾಗ ಹೋಗಿ ಕೂಡಬೇಕು."

ಗುರುಸಿದ್ದ ಶೆಡ್ಡಿನಲ್ಲಿ ಜಾಬರ್, ಅಂದರೆ ಮಗ್ಗಗಳ ವೈದ್ಯ. ಮಗ್ಗ ಓಡುವ ಸಪ್ಪಳ ಕೇಳಿಯೇ ಅದರ ಕಾಯಿಲೆ ಹೇಳುತ್ತಿದ್ದವನು. ಕಿವಿ ಹೋದಾಗ ಅರ್ಧ ಜೀವ ಹೋದವನಂತಾಗಿದ್ದ. ಮಗಳು ದಾನು ಹುಟ್ಟುವ ಹೊತ್ತಿಗೆ ಅವನಿಗೆ ಏನೂ ಕೇಳುತ್ತಿರಲಿಲ್ಲ. ಬಿಲ್ಲೆ ಕೂರಿಸಿ, ಕಲಿತು, ಮಗಳ ದನಿ ಮೊದಲ ಸಲ ದನಿಯಾಗಿ ಕೇಳಿದಾಗ ಅವಳಿಗೆ ಆರು ವರ್ಷ. ಅಂದು ಅವನು ಅಂಗಳದಲ್ಲಿ ಕೂತು ಬಿಕ್ಕಿ ಬಿಕ್ಕಿ ಅತ್ತದ್ದನ್ನು ಓಣಿಯೆಲ್ಲ ನೋಡಿದೆ. ಅಂದಿನಿಂದ ಶಾಲೆಯ ಪದ್ಯ ಅಪ್ಪನಿಗೆ ಒಪ್ಪಿಸದೆ ದಾನು ಊಟಕ್ಕೆ ಕೂರುತ್ತಿರಲಿಲ್ಲ.

"ಅಪ್ಪಾ, ಈಗ ಹೆಂಗ ಹಾಡಿದೆ?" ಒಳಗಿನಿಂದಲೇ ಕೂಗಿದಳು.

"ಎರಡನೇ ಸಾಲ ನುಂಗಿದಿ, ಕಳ್ಳಿ. ಮತ್ತೊಮ್ಮೆ ಹಾಡು."

ಬೆನ್ನು ತಿರುಗಿಸಿ ನಿಂತೇ ಹಾಗೆ ಹೇಳಿದ. ಬೆನ್ನು ತಿರುಗಿಸಿ ನಿಂತು ಮಗಳ ತಪ್ಪು ಹಿಡಿಯುವುದೆಂದರೆ ಅವನಿಗೆ ಹಬ್ಬ. ಮಹಾನಂದಾ ನಗುತ್ತ ಗಾಡಿ ಹತ್ತಿದಳು.

ಕೇಂದ್ರದ ಕಂಪ್ಯೂಟರ್ ಕೋಣೆ ತಣ್ಣಗಿತ್ತು. ಅಲ್ಲಿ ಎರಡು ಯಂತ್ರಗಳು. ಒಂದು, ಎಲ್ಲರ ಹೆಸರು ಮತ್ತು ಗುಪ್ತಪದ ಬಲ್ಲ ವಿಂಡೋಸ್ ಸರ್ವರ್. ಅದಕ್ಕೆ ಮಹಾನಂದಾ ತಳವಾರನೆಂದು ಹೆಸರಿಟ್ಟಿದ್ದಳು. ಊರಿನಲ್ಲಿ ಯಾರು ಯಾರೆಂದು ಗುರುತು ಹೇಳುವವನು ತಳವಾರನೇ ತಾನೇ. ಇನ್ನೊಂದು ಹೊಸ ಕಣಜ. ಅದು ಬೇರೆ ಜಾತಿಯ ಯಂತ್ರ, ವಿಂಡೋಸ್ ಭಾಷೆ ಅದಕ್ಕೆ ಹುಟ್ಟಿನಿಂದ ಬಾರದು, ಕಲಿಸಬೇಕು. ಹೊಸ ಸೊಸೆಗೆ ಮನೆಯ ರೀತಿ ಕಲಿಸಿದ ಹಾಗೆ ಮಹಾನಂದಾ ಒಂದೊಂದೇ ಕಲಿಸಿದಳು. ಕಣಜಕ್ಕೊಂದು ಹೆಸರು ಕೊಟ್ಟು ತಳವಾರನ ವಿಳಾಸ ತಿಳಿಸಿದಳು. ತಳವಾರನ ಗಡಿಯಾರಕ್ಕೂ ಕಣಜದ ಗಡಿಯಾರಕ್ಕೂ ತಾಳ ಹೊಂದಿಸಿದಳು. ಮೇಲಧಿಕಾರದ ಗುಪ್ತಪದ ಹೊಡೆದು ಕಣಜವನ್ನು ತಳವಾರನ ಬಳಗಕ್ಕೆ ಸೇರಿಸಿದಳು. ತಳವಾರ ಹೇಳುವ ಒಂದೊಂದು ಹೆಸರಿಗೂ ಕಣಜದೊಳಗೆ ಒಂದೊಂದು ಕೋಣೆ ಮಾಡಿ, ಅವರವರ ಕೋಣೆಯ ಕೀಲಿ ಅವರವರಿಗೆ ಮಾತ್ರ ಎಂದು ಕಟ್ಟಳೆ ಹಾಕಿದಳು.

ಕೊನೆಗೆ 'ಅತಿಥಿ' ಎಂಬ ಬಾಗಿಲನ್ನು ಮುಚ್ಚಿದಳು. ಅದನ್ನು ಮುಚ್ಚುವಾಗ ಗುಂಡಿಯನ್ನು ಬೇಕೆಂದೇ ಜೋರಾಗಿ ಒತ್ತಿದಳು.

ಹಳೆಯ ಕಣಜಕ್ಕೆ ಬಾಗಿಲಿತ್ತು, ಚಿಲಕವಿರಲಿಲ್ಲ. ಯಾರು ಬಂದು ಅತಿಥಿಯೆಂದರೂ ಒಳಗೆ ಬಿಡುತ್ತಿತ್ತು. ಕಿವಿನಕ್ಷೆಯಲ್ಲಿ ಕಲಿತ ದನಿಗಳ ಜೊತೆಗೆ ಕೇಳಿದ ಮಾತಿನ ಚೂರುಗಳೂ ಉಳಿದಿರುತ್ತವೆ. ಕೇಂದ್ರಕ್ಕೆ ದೇಣಿಗೆ ಕೊಡುವ ಮಾಲೀಕರ ಸಂಘದ ಒಬ್ಬ ಆಸಾಮಿ ಆಫೀಸಿಗೆ ಬಂದು ಹೋಗುತ್ತ ಆ ಚೂರುಗಳನ್ನು ಆಯುತ್ತಿದ್ದನೆಂದು ಯಾರಿಗೂ ಗೊತ್ತಿರಲಿಲ್ಲ. ರಾಚಪ್ಪನೆಂಬ ನೇಕಾರ ಚಹದಂಗಡಿಯಲ್ಲಿ ಕೂಲಿ ಹೆಚ್ಚಿಸದಿದ್ದರೆ ಕೆಲಸ ನಿಲ್ಲಿಸೋಣವೆಂದ. ಮುಂದಿನ ವಾರವೇ ಅವನ ಮಗ್ಗ ಬೇರೆಯವರ ಪಾಲಾಯಿತು. ಅವನು ಆ ಮಾತಾಡಿದ್ದು ಕಿವಿಬಿಲ್ಲೆಯವರೊಡನೆ ಮಾತ್ರ. ಮಹಾನಂದಾ ಗುಟ್ಟು ಪತ್ತೆ ಮಾಡಿ, ನೇರ ರಾಚಪ್ಪನ ಮನೆ ಬಾಗಿಲಿಗೆ ಹೋಗಿ ಕೈ ಮುಗಿದಳು. "ಇನ್ನ ಮ್ಯಾಲ ನಿಮ್ಮ ಕಿವ್ಯಾಗಿನ ಮಾತು ನಿಮ್ಮದ ಅಣ್ಣಾರ. ನನ್ನ ಮಗಳ ಆಣಿ" ಎಂದಳು. ನೇಕಾರರು ಬಿಲ್ಲೆಗಳನ್ನು ಕಿತ್ತು ಬಿಸಾಡದೆ ಉಳಿಸಿಕೊಂಡದ್ದು ಆ ಒಂದು ಮಾತಿನ ಮೇಲೆ.

ಸಂಜೆ ತನ್ನ ಲ್ಯಾಪ್‌ಟಾಪಿನಿಂದ ಪರೀಕ್ಷೆ ಮಾಡಿದಳು. ತನ್ನ ಹೆಸರಿನ ಕೋಣೆ ತೆರೆಯಿತು. ಬೇರೆಯವರ ಕೋಣೆಗೆ ಕೈ ಹಾಕಿದರೆ ಕಣಜ ಗದರಿ ಕಳಿಸಿತು. "ಶಾಣ್ಯಾ ಇದ್ದಿ ಬಿಡು" ಎಂದು ಯಂತ್ರದ ನೆತ್ತಿ ತಟ್ಟಿ ಮನೆಗೆ ಹೋದಳು.

ಸೋಮವಾರ ನಸುಕಿನಲ್ಲೇ, ಮನೆಯವರು ಇನ್ನೂ ಮಲಗಿದ್ದಾಗ, ಅವಳು ಕೇಂದ್ರಕ್ಕೆ ಬಂದು ಕಣಜದ ಬಾಗಿಲು ತೆರೆದಳು. ಪ್ರತಿ ಮನೆಯಲ್ಲೂ ಗೋಡೆಗೆ ಒಂದು ಪುಟ್ಟ ಪೆಟ್ಟಿಗೆ ಇರುತ್ತದೆ. ಬಿಲ್ಲೆ ಹೊತ್ತವರು ಪೆಟ್ಟಿಗೆಯ ಹತ್ತಿರ ಬಂದರೆ ಅದು ತಳವಾರನಿಂದ ಟಿಕೆಟು ಪಡೆದು ಕಣಜಕ್ಕೆ ತೋರಿಸಿ ನಕ್ಷೆಯನ್ನು ಒಳಗೆ ಕಳಿಸಬೇಕು. ಮಹಾನಂದಾ ಪರದೆಯ ಮುಂದೆ ಕಾದಳು. ಕೋಣೆಗಳು ತುಂಬಲಿಲ್ಲ. ಬದಲಿಗೆ ಕೆಂಪು ಸಾಲುಗಳು ಸುರಿದವು. ನಿರಾಕರಣೆ, ನಿರಾಕರಣೆ, ನಿರಾಕರಣೆ.

ಬಿಲ್ಲೆಗೆ ಕಳ್ಳತನದ ಭಯ ಹುಟ್ಟುಗುಣ. ಕಣಜವೇ ಇಲ್ಲದಿದ್ದರೆ ಅದು ಸುಮ್ಮನೆ ಕಾಯುತ್ತದೆ. ಕಣಜವಿದ್ದೂ ಒಳಗೆ ಬಿಡದಿದ್ದರೆ, ತಾನು ಕದ್ದ ಮಾಲಾಗಿದ್ದೇನೆಂದು ತಿಳಿದು ಬಾಯಿ ಮುಚ್ಚುತ್ತದೆ. ಆಮೇಲೆ ಕಣಜದ ಬಾಗಿಲು ಹಾಕಿ ಸುಮ್ಮನಾದರೂ ಅದರ ಸಂಶಯ ಹೋಗುವುದಿಲ್ಲ. ಹೊತ್ತು ಮುಳುಗುವುದರೊಳಗೆ ಒಳಗೆ ಸೇರದಿದ್ದರೆ ತನ್ನ ನಕ್ಷೆಯನ್ನು ತಾನೇ ಅಳಿಸಿಕೊಂಡುಬಿಡುತ್ತದೆ.

ಊರು ಎದ್ದಾಗ ಕಿವುಡಾಗಿತ್ತು. ಮಗ್ಗ ಯಾರಿಗೂ ಕಾಯುವುದಿಲ್ಲವೆಂದು ಅರ್ಧ ಜನ ಹಾಗೆಯೇ ಶೆಡ್ಡಿಗೆ ಹೋದರು. ಉಳಿದವರು ಕೇಂದ್ರದ ಗೇಟಿಗೆ ಬಂದು, ತಮಗೇ ಕೇಳದ ದನಿಯಲ್ಲಿ ಕೂಗತೊಡಗಿದರು. ಒಳಗೆ ಮಹಾನಂದಾ ಕೆಂಪು ಸಾಲುಗಳನ್ನು ಬಿಡಿಸಿ ಬಿಡಿಸಿ ಓದಿದಳು. ಎಲ್ಲದರಲ್ಲೂ ಒಂದೇ ದೂರು, ಕಾಲ ಹೊಂದುವುದಿಲ್ಲ. ತಳವಾರನ ಗಡಿಯಾರ ನೋಡಿದಳು, ಸರಿಯಿತ್ತು. ಕಣಜದ್ದೂ ಸರಿಯಿತ್ತು. ಮತ್ತೆ ಯಾರ ಕಾಲ ಹೊಂದುವುದಿಲ್ಲ?

ಅಷ್ಟರಲ್ಲಿ ಉಂಕಿ, ಅಂದರೆ ಮಗ್ಗದ ಹಾಸುನೂಲು, ಸುತ್ತುವ ಹಸೀನಾಬಿ ಗೇಟು ದೂಡಿಕೊಂಡು ಒಳಗೆ ಬಂದಳು. ಮನೆಯ ಗೋಡೆಯಿಂದ ಪೆಟ್ಟಿಗೆಯನ್ನೇ ಕಿತ್ತು ಕಂಕುಳಲ್ಲಿ ಇಟ್ಟುಕೊಂಡು ಬಂದಿದ್ದಳು. ಮೇಜಿನ ಮೇಲೆ ಧಪ್ಪನೆ ಇಟ್ಟು, "ನೋಡ್ರಿ ಬಾಯಾರ, ಇದರ ಹೆಣಾ" ಎಂದಳು. ಪೆಟ್ಟಿಗೆಯ ಮುಖದಲ್ಲಿ ಗಡಿಯಾರವಿತ್ತು. ಕಿವಿ ಕೇಳದವರಿಗೆ ದೀಪ ಮಿಟುಕಿಸಿ ಎಬ್ಬಿಸಲೆಂದು ಮಾಡಿದವರು ಕೊಟ್ಟ ಸೌಕರ್ಯ. ಅದು ಗೋಡೆಯ ಗಡಿಯಾರಕ್ಕಿಂತ ಕಾಲು ತಾಸು ಮುಂದಿತ್ತು.

ಮಹಾನಂದಾ ಅದರತ್ತ ಬೆರಳು ತೋರಿಸಿ, ತುಟಿ ಬಿಡಿಸಿ ಕೇಳಿದಳು, "ಇದು ಯಾಕ ಮುಂದ ಐತಿ?"

ಹಸೀನಾಬಿ ಆ ಸಂಕಟದಲ್ಲೂ ನಕ್ಕುಬಿಟ್ಟಳು. "ಅಯ್ಯ, ಯಾರ ಮನ್ಯಾಗ ಮುಂದ ಇಲ್ರೀ? ಗಡಿಯಾರ ಖರೇ ಹೇಳಿದ್ರ ಮಗ್ಗ ಬದ್ಲಿಯವನ ಕೈಗೆ ಹೋಕ್ಕೈತಿ."

ಆಗ ಮಹಾನಂದಾಗೆ ಎಲ್ಲ ತಿಳಿಯಿತು, ತಿಳಿದು ಹಣೆ ಚಚ್ಚಿಕೊಂಡಳು. ಲಾಳಿಕೊಪ್ಪದಲ್ಲಿ ಪಾಳಿಗೆ ಒಂದು ನಿಮಿಷ ತಡವಾದರೆ ಮಗ್ಗ ಬದಲಿ ಆಳಿನದು. ಅದಕ್ಕೇ ಅಜ್ಜಂದಿರ ಕಾಲದಿಂದ ಊರಿನ ಪ್ರತಿ ಗಡಿಯಾರವೂ ಮುಂದೆ. ಒಂದು ಮನೆಯಲ್ಲಿ ಹತ್ತು ನಿಮಿಷ, ಇನ್ನೊಂದರಲ್ಲಿ ಇಪ್ಪತ್ತು. ತಳವಾರನ ಟಿಕೆಟು ಬಸ್ಸಿನ ಟಿಕೆಟಿನ ಹಾಗೆ, ಆ ಹೊತ್ತಿಗೆ ಮಾತ್ರ ನಡೆಯುತ್ತದೆ. ತೋರಿಸುವವರ ಗಡಿಯಾರ ಐದು ನಿಮಿಷಕ್ಕಿಂತ ಆಚೀಚೆ ಇದ್ದರೆ ಹಳೆಯ ಟಿಕೆಟು ಕದ್ದು ತಂದ ಕಳ್ಳನೆಂದೇ ಲೆಕ್ಕ. ಹಳೆಯ ಕಣಜ ಟಿಕೆಟನ್ನೇ ಕೇಳುತ್ತಿರಲಿಲ್ಲ, ಹಾಗಾಗಿ ಊರಿನ ಸುಳ್ಳು ಯಾರಿಗೂ ತೊಡಕಾಗಿರಲಿಲ್ಲ. ಎರಡು ಯಂತ್ರಗಳಿಗೆ ತಾಳ ಹೊಂದಿಸಿದವಳು ಊರಿನ ಗೋಡೆಗಳ ಮೇಲಿನ ಪೆಟ್ಟಿಗೆಗಳನ್ನು ಮರೆತಿದ್ದಳು. ಆ ಐದು ನಿಮಿಷ ಪೆಟ್ಟಿಗೆಗಳ ಹೊಟ್ಟೆಯಲ್ಲೇ ಕೆತ್ತಿದ ಕಟ್ಟಳೆ, ಸಡಿಲಿಸುವಂತೆಯೂ ಇರಲಿಲ್ಲ. ಕಣಜದ ಗಡಿಯಾರವನ್ನೇ ಮುಂದಿಡೋಣವೆಂದರೆ ಯಾರ ಮನೆಯ ಸುಳ್ಳಿಗೆ ಹೊಂದಿಸುವುದು?

ಕೇಂದ್ರದ ಮುಖ್ಯಸ್ಥ ಡಾಕ್ಟರ್ ಪಟ್ಟಣಶೆಟ್ಟಿ ಬೆವರು ಒರೆಸುತ್ತ ಒಳಗೆ ಬಂದರು. ಕೆಟ್ಟ ಮನುಷ್ಯನಲ್ಲ. ಮಾಲೀಕರ ಕಾಲು ಕೈ ಹಿಡಿದಾದರೂ ಊರಿಗೆ ಕಿವಿ ತಂದವರು ಅವರೇ.

"ಮಹಾನಂದಾ, ಆ ಅತಿಥಿ ಬಾಗಲಾ ತಗೀರಿ. ಒಂದ ದಿನದ ಮಾತು. ಎಲ್ಲಾರ ನಕ್ಷೆ ಒಳಗ ಬರಲಿ, ಆಮ್ಯಾಲ ಬೇಕಾದಷ್ಟ ಕೀಲಿ ಹಾಕ್ರಿ."

"ಕದಿಯಾವ್ರಿಗೆ ಒಂದ ದಿನ ಸಾಕ್ರಿ ಡಾಕ್ಟರ್. ಸಂಘದ ಮನಿಷ್ಯಾ ಮುಂಜಾನಿಂದ ನಿಮ್ಮ ಕೋಣ್ಯಾಗ ಕುಂತಾನ. ಸುಮ್ನ ಚಾ ಕುಡ್ಯಾಕ ಬಂದಾನೇನು?"

"ಕಿವಿ ಇದ್ದವರಿಗೆ ಗುಟ್ಟಿನ ಚಿಂತಿ. ಸಂಜಿಗೆ ಇವರೆಲ್ಲಾ ಮತ್ತ ಕಿವುಡ್ರಾದ್ರ ಗುಟ್ಟು ಕಟಗೊಂಡ ಏನ ಮಾಡ್ತೀರಿ?"

ಡಾಕ್ಟರ್ ಹೇಳಿದ್ದರಲ್ಲಿ ಸುಳ್ಳೇನಿತ್ತು? ಆದರೆ ಮಹಾನಂದಾಗೆ ರಾಚಪ್ಪನ ಮನೆ ಬಾಗಿಲೂ ಮಗಳ ಮೇಲಿನ ಆಣೆಯೂ ನೆನಪಾದವು.

"ಸಂಜಿತನಾ ಹೊತ್ತ ಐತ್ರಿ. ಮನಿಮನಿಗೆ ಹೋಗಿ ಗಡಿಯಾರ ಹಿಂದಕ್ಕ ತಿರುವಿಸ್ತೀನಿ. ಬಾಗಲಾ ತಗ್ಯಾಂಗಿಲ್ಲ."

"ನಿಮ್ಮ ಮನಿಯವರ ಕಿವಿ ಹೋಗಿದ್ರೂ ಹಿಂಗ ಹಟಾ ಹಿಡೀತಿದ್ರೇನು?"

ಡಾಕ್ಟರ್ ಹಾಗೆ ಕೇಳುವ ಮೊದಲೇ ಗುರುಸಿದ್ದ ಬಾಗಿಲಲ್ಲಿ ಬಂದು ನಿಂತಿದ್ದ. ಮಗಳನ್ನು ಶಾಲೆಯ ಬಸ್ಸು ಹತ್ತಿಸಿ ನೇರ ಬಂದಿದ್ದ. ಇಬ್ಬರ ಮುಖವನ್ನೂ ದಿಟ್ಟಿಸುತ್ತಿದ್ದವನು ಮೆಲ್ಲಗೆ ಹೇಳಿದ, "ನಂದು ಕೇಳಾಕತ್ತೈತ್ರೀ ಡಾಕ್ಟರ್. ನಮ್ಮ ಮನಿ ಗಡಿಯಾರ ಅಕಿನ ನೋಡತಾಳ. ಸುಳ್ಳ ಹೆಂಗ ಹೇಳೀತು?"

ಮಹಾನಂದಾ ಅವನತ್ತ ತಿರುಗಿದಳು. "ಖರೇನ?" ಎಂದಳು.

"ಖರೇ. ನೀ ನಿನ್ನ ಕೆಲಸಾ ನೋಡು. ಶೆಡ್ಡಿನ ಮಂದಿ ನನಗಿರಲಿ."

ಎಲ್ಲರ ಮೊಬೈಲಿಗೆ ಸಂದೇಶ ಕಳಿಸಿದ್ದೂ ಆಯಿತು. ಆದರೆ ಶೆಡ್ಡಿನ ಬಾಗಿಲಲ್ಲೇ ಫೋನು ತೆಗೆದಿಡುವುದು ಮಾಲೀಕರ ಕಟ್ಟಳೆ, ಇನ್ನು ಕಿವುಡರಿಗೆ ಧ್ವನಿವರ್ಧಕದಲ್ಲಿ ಸಾರಿ ಏನು ಪ್ರಯೋಜನ? ಗುರುಸಿದ್ದ ಸೈಕಲ್ ಹತ್ತಿದ. "ಏನರೆ ಉಂಡ ಹೋಗ್ರಿ!" ಎಂದು ಮಹಾನಂದಾ ಬೆನ್ನ ಹಿಂದೆ ಕೂಗಿದಳು. ಅವನು ತಿರುಗಲಿಲ್ಲ. ಅವಸರದಲ್ಲಿದ್ದಾನೆಂದುಕೊಂಡಳು.

ಅಂದು ಲಾಳಿಕೊಪ್ಪ ಕಂಡದ್ದನ್ನು ಹಿಂದೆ ಯಾರೂ ಕಂಡಿರಲಿಲ್ಲ. ಜಾಬರ್ ಗುರುಸಿದ್ದ ಒಂದೊಂದು ಶೆಡ್ಡಿಗೂ ನುಗ್ಗಿ ಮೇನ್ ಸ್ವಿಚ್ಚಿಗೆ ಕೈ ಹಾಕಿದ. ಮಗ್ಗ ನಿಂತೊಡನೆ ನೇಕಾರರು ತಲೆಯೆತ್ತಿದರು. ಅವನು ಎಡ ಮುಂಗೈಯನ್ನು ಮುಟ್ಟಿ, ಬೆರಳನ್ನು ಹಿಂದಕ್ಕೆ ಸುತ್ತಿಸಿ, ಕಿವಿ ತೋರಿಸಿ, ಮುಳುಗುವ ಸೂರ್ಯನನ್ನು ಅಂಗೈಯಲ್ಲಿ ಇಳಿಸಿ ತೋರಿಸಿದ. ಗದ್ದಲದ ನಡುವೆ ಅಜ್ಜಂದಿರು ಕಟ್ಟಿದ ಮಗ್ಗದ ಸನ್ನೆ ಅದು, ಬಿಲ್ಲೆ ಬಂದ ಮೇಲೆ ಎಲ್ಲರೂ ಮರೆತಿದ್ದರು. ಈಗ ಒಬ್ಬನ ಕೈಯಿಂದ ಇನ್ನೊಬ್ಬನ ಕೈಗೆ ದಾಟಿತು. ಜನ ಎದ್ದು ಮನೆಗೆ ಓಡಿದರು. "ಯಾವನಪ್ಪನ ಅಪ್ಪಣಿ ಮ್ಯಾಲ ಬಂದ ಮಾಡಿದಿ?" ಎಂದು ಮಾಲೀಕರು ಹಾರಾಡಿದರು. ಗುರುಸಿದ್ದ ಅವರ ತುಟಿಯ ಕಡೆಗೆ ನೋಡಲೇ ಇಲ್ಲ. ಇತ್ತ ಮಹಾನಂದಾ, ಹಸೀನಾಬಿ ಓಣಿ ಓಣಿ ಹಿಡಿದು, ಪಾಳಿ ಮುಗಿಸಿ ಮಲಗಿದವರನ್ನು ಅಲುಗಿಸಿ ಎಬ್ಬಿಸಿ ಗಡಿಯಾರ ತಿರುವಿಸಿದರು. ಮುದುಕರು ಬೈದರು, ಹೆಂಗಸರು ಹೆದರಿದರು. ಗಡಿಯಾರ ಹಿಂದಾದೊಡನೆ ಮನೆಮನೆಯಲ್ಲೂ "ಆಂ! ಬಂತು, ಬಂತು!" ಎಂಬ ಕೂಗು ಎದ್ದಿತು. ಮಧ್ಯಾಹ್ನ ಕಳೆಯುವ ಹೊತ್ತಿಗೆ ಹೊಳೆಯ ಈಚೆಗೆ ಒಂದು ಮಗ್ಗವೂ ಓಡುತ್ತಿರಲಿಲ್ಲ.

ಬಿಸಿಲು ಕೆಂಪಾಗುವಾಗ ಮಹಾನಂದಾ ಕಂಪ್ಯೂಟರ್ ಕೋಣೆಗೆ ಮರಳಿದಳು. ಕಣಜದ ಕೋಣೆಗಳು ಒಂದೊಂದಾಗಿ ತುಂಬುತ್ತಿದ್ದವು. ಹೊಳೆಯಾಚೆಯ ದೊಡ್ಡ ಶೆಡ್ಡಿನ ಹೆಂಗಸರದು ಮಾತ್ರ ಬಾಕಿಯೆಂದುಕೊಂಡಳು. ನೋಡುನೋಡುತ್ತ ಅವರ ಕೋಣೆಗಳೂ ಒಟ್ಟಿಗೆ ತುಂಬಿದವು. ಡಾಕ್ಟರ್ ತಾವೇ ಚಹ ತಂದು ಅವಳ ಮುಂದಿಟ್ಟರು.

"ಗೆದ್ರಿ ನೀವು. ಸಂಘದಾಂವ ಎದ್ದ ಹೋದ."

ಮಹಾನಂದಾ ಬಟ್ಟಲು ಎತ್ತಿದಳು. ಎತ್ತಿದ ಬಟ್ಟಲು ಹಾಗೇ ನಿಂತಿತು. ಪರದೆಯಲ್ಲಿ ಇನ್ನೂ ಒಂದು ಕೋಣೆ ಖಾಲಿ ಇತ್ತು. ಗುರುಸಿದ್ದ ಢವಳೇಶ್ವರ.

ಏನೋ ತಪ್ಪಾಗಿರಬೇಕೆಂದು ಮತ್ತೆ ನೋಡಿದಳು. ಆಗ ಅವಳಿಗೆ ಜೂನ್ ತಿಂಗಳು ನೆನಪಾಯಿತು. ಶಾಲೆ ಶುರುವಾದಾಗ ದಾನು ದಿನಾ ಬಸ್ಸು ತಪ್ಪಿಸುತ್ತಿದ್ದಳು. ಒಂದು ಬೆಳಿಗ್ಗೆ ಸಿಟ್ಟಿಗೆದ್ದು, ಸ್ಟೂಲು ಹಾಕಿಕೊಂಡು ಹತ್ತಿ, ಪೆಟ್ಟಿಗೆಯ ಗಡಿಯಾರವನ್ನು ಮುಂದಕ್ಕೆ ತಿರುವಿದ್ದು ತನ್ನ ಈ ಕೈಯೇ. ಅಂದಿನಿಂದ ಬಸ್ಸು ಬರುವ ಮೊದಲೇ ಅಪ್ಪ ಮಗಳು ರಸ್ತೆಯಲ್ಲಿ ನಿಂತಿರುತ್ತಿದ್ದರು. ಊರ ಸುಳ್ಳನ್ನೆಲ್ಲ ತಿದ್ದಲು ಹೊರಟವಳಿಗೆ ತನ್ನ ಸುಳ್ಳು ಮರೆತೇ ಹೋಗಿತ್ತು. ದೀಪದ ಬುಡಕ್ಕೇ ಕತ್ತಲು ಅಂತ ಸುಮ್ಮನೆ ಹೇಳುತ್ತಾರೆಯೇ?

ಅವಳು ಗಾಡಿ ಹೇಗೆ ಓಡಿಸಿದಳೋ ದೇವರೇ ಬಲ್ಲ. ಮನೆಗೆ ನುಗ್ಗಿ ಗಡಿಯಾರವನ್ನು ಹಿಂದಕ್ಕೆ ತಿರುವಿದಳು. ಆದರೆ ಗಡಿಯಾರ ಸರಿಯಾದರೆ ಸಾಲದು, ಬಿಲ್ಲೆ ಹೊತ್ತವನು ಪೆಟ್ಟಿಗೆಯ ಮುಂದೆ ಇರಬೇಕು.

"ಅಪ್ಪಾ ಎಲ್ಲಿ, ದಾನೂ?"

"ಬಂದಿಲ್ಲ. ಹೊಳಿ ಆಚಿ ಶೆಡ್ಡಿಗೆ ಹೋಗ್ಯಾನಂತ."

ತಾಯಿ ಮಗಳು ಬಾಗಿಲಲ್ಲಿ ನಿಂತರು. ಎದುರು ಮನೆಯ ಚಾವಣಿಯ ಮೇಲಿದ್ದ ಬಿಸಿಲು ತಗಡಿನ ಅಂಚಿಗೆ ಸರಿದು ಹೋಯಿತು. ಓಣಿಯಲ್ಲಿ ದೀಪ ಹತ್ತಿತು. ಅದಾದ ಮೇಲೆ ತಿರುವಿನಲ್ಲಿ ಸೈಕಲ್ ಕಂಡಿತು. ಗುರುಸಿದ್ದ ಪೆಡಲು ತುಳಿದು ತುಳಿದು ಏದುಸಿರು ಬಿಡುತ್ತಿದ್ದ. ಹೆಂಡತಿಯ ಮುಖ ನೋಡಿ ಕಾಲು ಕೆಳಗಿಟ್ಟ.

"ಹೊತ್ತ ಮೀರಿತೇನು?" ಎಂದ. ಓಣಿಗೆಲ್ಲ ಕೇಳುವಷ್ಟು ದೊಡ್ಡದಾಗಿ ಕೇಳಿದ.

ಮಹಾನಂದಾ ಅವನ ಎದೆಗೆ ಎರಡೂ ಕೈಯಲ್ಲಿ ಗುದ್ದಿದಳು. "ಯಾಕ ಸುಳ್ಳ ಹೇಳಿದ್ರಿ? ಮೊದಲ ಮನಿಗೆ ಬರಬೇಕಿಲ್ಲ? ಯಾಕ ಹಿಂಗ ಮಾಡಿದ್ರಿ?"

ಅವನು ಅವಳ ಗಲ್ಲ ಹಿಡಿದು ಮುಖವನ್ನು ದೀಪದ ಕಡೆ ತಿರುಗಿಸಿದ. "ಸಾವಕಾಶ ಹೇಳು ನಂದಾ. ಅಳಕೋತ ಹೇಳಿದ್ರ ತುಟಿ ತಿಳಿಯಂಗಿಲ್ಲ."

ಅವಳು ಒಳಗಿನ ಪೆಟ್ಟಿಗೆಯತ್ತ ಕೈ ತೋರಿಸಿದಳು. ಅವನೇ ಹೇಳಿದ. "ನಂದೂ ಹೋಗೇತಿ ಅಂದಿದ್ರ ನೀ ಬಾಗಲಾ ತಗೀತಿದ್ದಿ. ನನಗ ಗೊತ್ತಿಲ್ಲೇನು ನೀ? ಬರೂಣಂತ ಮಾಡಿದ್ದೆ. ಹೊಳಿ ಆಚಿ ಗೇಟ್ ಕೀಲಿ ಹಾಕಿದ್ರು. ಒಳಗ ಅಷ್ಟ ಹೆಣಮಕ್ಕಳು. ಫ್ಯೂಜ್ ಕಿತ್ತು, ಟೆಂಪೋದಾಗ ಹತ್ತಿಸಿ ಕಳಿಸೂದ್ರಾಗ..." ಮಾತು ನಿಲ್ಲಿಸಿ ಅಂಗೈಯಲ್ಲಿ ಸೂರ್ಯನನ್ನು ಇಳಿಸಿ ತೋರಿಸಿದ.

ದಾನು ಅಪ್ಪನ ಅಂಗಿ ಜಗ್ಗಿ, "ಅಪ್ಪಾ, ಹೊಸಾ ಪದ್ಯ ಬರತೈತಿ ನನಗ" ಎಂದಳು. ನಕ್ಷೆ ಅಳಿದ ಬಿಲ್ಲೆ ಆಗಲೇ ಹೊಸದಾಗಿ ಕಣ್ಣು ಬಿಟ್ಟಿತ್ತು. ಮಗಳ ದನಿ ತಗಡು ಎಳೆದಂತೆ ಕಿವಿಗೆ ಬಡಿದೊಡನೆ ಅವನು ಮುಖ ಕಿವುಚಿದ. ಕೂಡಲೇ ನಕ್ಕುಬಿಟ್ಟ. "ಹೂಂ, ಚಲೋ ಹಾಡಿದಿ" ಎಂದ. ಅವಳು ಇನ್ನೂ ಹಾಡಿರಲಿಲ್ಲ.

ಮರುದಿನ ಬೆಳಿಗ್ಗೆ ಮನೆಯ ಗಡಿಯಾರ ನಿಜ ಹೇಳಿತು, ದಾನೂಗೆ ಬಸ್ಸು ತಪ್ಪಿತು. ಗುರುಸಿದ್ದ ಕರಕರ ತಾಳದೆ ಬಿಲ್ಲೆಯನ್ನು ಬಂದ್ ಮಾಡಿ ಅವಳನ್ನು ಸೈಕಲ್ಲಿನ ಹಿಂದೆ ಕೂರಿಸಿಕೊಂಡ. ಮಹಾನಂದಾ ಬಾಗಿಲಲ್ಲಿ ನಿಂತು ನೋಡಿದಳು. ಹುಡುಗಿ ಅಪ್ಪನ ಬೆನ್ನಿಗೆ ಬಾಯಿ ಹಚ್ಚಿ ಪದ್ಯ ಶುರು ಮಾಡಿದಳು. ಅವಳ ಎದೆಯ ಕಂಪನ ಬೆನ್ನಿಗೆ ತಾಗುತ್ತಿತ್ತೇನೋ, ಅದು ನಿಂತಾಗಲೆಲ್ಲ ಗುರುಸಿದ್ದ ತಲೆಯಾಡಿಸುತ್ತಿದ್ದ. ತಿರುವು ದಾಟುವಾಗ ದಾನು ಎರಡನೆಯ ಸಾಲನ್ನು ನುಂಗಿದಳು. ಅವನು ಅದಕ್ಕೂ ತಲೆಯಾಡಿಸಿದ.